ಎಡಮಗ್ಗುಲಿನ ಹಲಗೆಗಳು

ನಾನು ಹುಟ್ಟಿ ಬೆಳೆದದ್ದು ಮುಂಡಗೋಡ ತಾಲ್ಲೂಕಿನ ಇಂದೂರಿನಲ್ಲಿ. ಭತ್ತದ ಗದ್ದೆಯಲ್ಲಿ ಮೊಣಕಾಲುದ್ದ ನಿಲ್ಲುವ ನೀರು, ಕೆರೆಯಲ್ಲಿ ಎಮ್ಮೆಗಳ ಕೊರಳಿಗೆ ಬರುವ ನೀರು, ಇಷ್ಟೇ ನನಗೆ ಗೊತ್ತಿದ್ದ ನೀರು. ಈಜು ಬರುತ್ತಿರಲಿಲ್ಲ. ಅಂಥವಳನ್ನು ಕಾಳಿ ಹೊಳೆಯಲ್ಲಿ ಜನರನ್ನು ದೋಣಿಯಿಂದ ದಾಟಿಸುವವರ ಮನೆಗೆ ಕೊಟ್ಟರು. ಮದುವೆಯಾಗಿ ಹೋದಾಗ ಅವರಿಗೆ ಮನೆಯಿತ್ತು, ಅಂಗಳವಿತ್ತು, ಅಂಗಳದ ಕೆಳಗೆ ಹೊಳೆಯಿತ್ತು. ಸೂಪಾದ ಅಣೆಕಟ್ಟಿನ ಹಿಂದೆ ನೀರು ನಿಲ್ಲತೊಡಗಿದ ಮೇಲೆ ಹೊಳೆ ಅಂಗಳಕ್ಕೆ ಬಂತು, ಆಮೇಲೆ ಒಳಗೆ ಬಂತು. ಊರಿನವರೆಲ್ಲ ಗಂಟುಮೂಟೆ ಕಟ್ಟಿಕೊಂಡು ತಮಗೆ ಕೊಟ್ಟ ಹೊಸ ಜಾಗಕ್ಕೆ ಹೋದರು. ನಾವು ಹೋಗಲಿಲ್ಲ.

ಹಟದಿಂದೇನೂ ಅಲ್ಲ. ಆಚೆ ದಂಡೆಯ ಗುಡ್ಡಗಳಲ್ಲಿ ಕೆಲವು ಕೇರಿಗಳು ಮುಳುಗದೆ ಉಳಿದಿದ್ದವು. ಮೊದಲು ಕಾಲುದಾರಿ ಹಿಡಿದು ಜೋಯಿಡಾಕ್ಕೆ ಬಂದು ಹೋಗುತ್ತಿದ್ದ ಆ ಜನಕ್ಕೆ ಈಗ ನಡುವೆ ಕಣ್ಣು ಹಾಯುವಷ್ಟು ದೂರ ನೀರು. ಅವರಿಗೆ ನಮ್ಮ ದೋಣಿ ಬಿಟ್ಟರೆ ಬೇರೆ ದಾರಿಯಿರಲಿಲ್ಲ, ನಮಗೂ ಅವರನ್ನು ದಾಟಿಸುವುದು ಬಿಟ್ಟರೆ ಬೇರೆ ಕೆಲಸ ಗೊತ್ತಿರಲಿಲ್ಲ. ದಂಡೆಯ ಮೇಲೆ ಒಂದು ಗುಡಿಸಲು ಹಾಕಿಕೊಳ್ಳೋಣವೆಂದು ನನ್ನ ಗಂಡ ಬಿದಿರು ತಂದು ಇಳಿಸಿದ ದಿನವೇ ಫಾರೆಸ್ಟ್ ಗಾರ್ಡ್ ಬಂದ.

"ಇಲ್ಲೆ ಒಂದ ಗೂಟಾನೂ ಹುಗಿಯಂಗಿಲ್ಲ. ಜಂಗಲ್ ಜಾಗಾ ಐತಿ ಇದು."

"ಮತ್ತ ನಾವು ಎಲ್ಲೆ ಇರೂಣ್ರಿ, ಸಾಹೇಬ್ರ?" ಎಂದರು ನನ್ನ ಮಾವ.

"ದೋಣಿ ಐತೆಲ್ಲ ನಿಮ್ದು. ನೀರಿನ ಮ್ಯಾಲೆ ನನ್ನ ಹುಕುಂ ನಡಿಯೂದಿಲ್ಲ" ಎಂದು ಅವನು ನಕ್ಕ. ಅವನು ಚೇಷ್ಟೆಗೆ ಹೇಳಿದ್ದನ್ನು ಮಾವ ನಿಜವೆಂದೇ ತೆಗೆದುಕೊಂಡರು. ಗುಡಿಸಲಿಗೆ ತಂದ ಬಿದಿರನ್ನು ಬಗ್ಗಿಸಿ ದೋಣಿಯ ಅರ್ಧಕ್ಕೆ ಕಮಾನು ಕಟ್ಟಿದರು. ಅದರ ಮೇಲೆ ಚಾಪೆ, ಚಾಪೆಯ ಮೇಲೆ ತಾಡಪತ್ರಿ. ಹಿಂದುಗಡೆ ಒಂದು ಹಳೆಯ ಪೆಟ್ಟಿಗೆಯನ್ನು ಮೊಳೆ ಹೊಡೆದು ಕೂರಿಸಿ, ಮಣ್ಣು ತುಂಬಿ ಒಲೆ ಮಾಡಿದೆ. ಮುಂದಿನರ್ಧ ದಾಟುವ ಜನಕ್ಕೆ, ಹಿಂದಿನರ್ಧ ನಮಗೆ. ಹೆಣ್ಣುಮಕ್ಕಳು ದಾಟುವಾಗ ಸಂಕೋಚವಿಲ್ಲದೆ ಒಳಗೆ ಬಂದು ನನ್ನ ಒಲೆಯ ಹತ್ತಿರ ಕೂತುಬಿಡುತ್ತಿದ್ದರು. ಎಂಬತ್ತರ ದಶಕದ ನಡುವಿನ ಆ ವರ್ಷಗಳಲ್ಲಿ ನಮ್ಮ ಸಂಸಾರ ಹೀಗೆ ನೀರಿನ ಮೇಲೆ ನಿಂತಿತ್ತು.

ದೋಣಿಯ ತಳ ನೋಡಿಕೊಳ್ಳುವುದು ಮಾವನ ಕೆಲಸ. ಅದು ಅವರ ತಂದೆ ಕಟ್ಟಿಸಿದ ದೋಣಿ, ದೊಡ್ಡದು, ಎರಡು ಎತ್ತುಗಳನ್ನು ನಿಲ್ಲಿಸಿ ದಾಟಿಸಬಹುದಿತ್ತು. ಹಲಗೆಗೂ ಹಲಗೆಗೂ ನಡುವಿನ ಸಂದಿನಲ್ಲಿ ಹತ್ತಿಯ ಎಳೆಯನ್ನು ಹೊಸೆದು, ಎಣ್ಣೆಯಲ್ಲಿ ಅದ್ದಿ, ಮೊಂಡು ಉಳಿಯಿಂದ ಬಡಿದು ಕೂರಿಸಬೇಕು. ಅದರ ಮೇಲೆ ರಾಳ ಮತ್ತು ಎಣ್ಣೆ ಕುದಿಸಿದ ಅಂಟು. ಅಂಟು ಆರಿದ ಮೇಲೆ ಇಡೀ ತಳಕ್ಕೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪೆಣ್ಣೆ. ಆ ಎಣ್ಣೆ ಕೈಗೆ ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಬರುತ್ತದೆ. ನೀರು ಇಳಿಯುವ ಬೇಸಿಗೆಯಲ್ಲಿ ದೋಣಿಯನ್ನು ದಂಡೆಗೆ ಎಳೆದು, ಒಂದೊಂದು ಮಗ್ಗುಲಿಗೆ ಹೊರಳಿಸಿ ಇದನ್ನೆಲ್ಲ ಮಾಡುವುದು. ಮೊದಲ ಬೇಸಿಗೆಯಲ್ಲಿ ಮಾವ ಒಬ್ಬರೇ ಮಾಡಿದರು. ಗಂಡ ಆಗ ನಮ್ಮದೇ ಇನ್ನೊಂದು ಸಣ್ಣ ದೋಣಿಯಲ್ಲಿ ಜನ ದಾಟಿಸುತ್ತಿದ್ದ. ನಾನು ರಾಳ ಕಾಯಿಸಿ ಕೊಡುತ್ತಿದ್ದೆ.

"ಭಾಳ ಬಿಗಿ ಬಡಿಬಾರ್ದವ್ವಾ" ಎನ್ನುತ್ತಿದ್ದರು. "ಕಟಗಿ ನೀರ ಕುಡದು ಉಬ್ಬತೈತಿ. ಉಬ್ಬಾಕ ಜಾಗಾ ಇಲ್ಲಂದ್ರ ಹಲಗಿ ಮೊಳಿ ಸಮೇತ ಕಿತ್ಕೊಂಡು ಬರ್ತೈತಿ."

"ಎಷ್ಟು ಬಿಗಿ ಅಂತ ಹೆಂಗ ಗೊತ್ತಾಗ್ತೈತ್ರಿ ಮಾವಾರ?"

"ಸಪ್ಪಳಾ ಕೇಳು" ಎಂದು ಉಳಿಯ ಮೇಲೆ ಬಡಿದು ತೋರಿಸುತ್ತಿದ್ದರು. ನಾನು ಕೇಳುತ್ತಿದ್ದೆ. ನನಗೆ ಎಲ್ಲ ಸಪ್ಪಳವೂ ಒಂದೇ ಥರ ಕೇಳಿಸುತ್ತಿತ್ತು. ಮುಂದಿನ ವರ್ಷ ಗಂಡನಿಗೂ ಕಲಿಸುತ್ತೇನೆ ಎಂದಿದ್ದರು.

ಆ ಮಳೆಗಾಲದ ಮೊದಲಲ್ಲೇ ಅವರಿಗೆ ಲಕ್ವಾ ಹೊಡೆಯಿತು. ಬೆಳಿಗ್ಗೆ ಚಹಾ ಕುಡಿಯುತ್ತಿದ್ದವರ ಕೈಯಿಂದ ಬಸಿ ಜಾರಿತು, ಬಲಮಗ್ಗುಲಿಗೆ ವಾಲಿದರು. ಹಳಿಯಾಳದ ದವಾಖಾನೆಯಲ್ಲಿ ಬಹಳ ದಿನ ಇಟ್ಟುಕೊಂಡು ನೋಡಿದರು. ಜೀವ ಉಳಿಯಿತು. ಬಲಗೈ, ಬಲಗಾಲು ಹೋದವು, ಮಾತೂ ಹೋಯಿತು. ಒಂದೇ ಒಂದು ಶಬ್ದ ಬಾಯಲ್ಲಿ ಉಳಿಯಿತು: "ನಾಕಾ." ಅವರ ಮನೆಮಾತು ಕೊಂಕಣಿ, ಅದರಲ್ಲಿ ನಾಕಾ ಅಂದರೆ ಬೇಡ. ಆದರೆ ಅವರು ಎಲ್ಲದಕ್ಕೂ ಅದನ್ನೇ ಅನ್ನುತ್ತಿದ್ದರು. ಗಂಜಿಗೆ ಕೈ ಚಾಚಿಕೊಂಡೇ "ನಾಕಾ" ಅನ್ನುವರು. ಮೊದಮೊದಲು ನಾನು ತಟ್ಟೆ ಹಿಂದಕ್ಕೆ ತೆಗೆದುಕೊಂಡು ಹೋಗಿಬಿಟ್ಟೆ, ಅವರ ಕಣ್ಣು ತುಂಬಿದ್ದು ಕಂಡಮೇಲೆ ತಿಳಿಯಿತು. ತಮ್ಮ ಬಾಯಿಂದ ಬರುತ್ತಿರುವುದು ತಪ್ಪು ಮಾತು ಎಂದು ಅವರಿಗೂ ಗೊತ್ತಾಗುತ್ತಿತ್ತು. ಮತ್ತೊಂದು ಶಬ್ದಕ್ಕಾಗಿ ತುಟಿ ತಿರುವಿ, ಕೊರಳ ನರ ಉಬ್ಬಿಸಿ ಒದ್ದಾಡುವರು. ಕೊನೆಗೆ ಬರುವುದು ಅದೇ.

ದಾಂಡೇಲಿ ಹತ್ತಿರದ ಅಂಬೇವಾಡಿಯಲ್ಲಿ ನನ್ನ ಅಕ್ಕನ ಮನೆಯಿತ್ತು. ಅವರನ್ನು ಅಲ್ಲಿ ಇರಿಸಿ ನೋಡಿದೆವು. ಅನ್ನ ಬಿಟ್ಟರು. ದೋಣಿಗೆ ಕರೆತಂದ ದಿನ ಎರಡು ಸಲ ಬಡಿಸಿಕೊಂಡು ಉಂಡರು. ಕಮಾನಿನ ಕೆಳಗೆ ಅವರ ಹಾಸಿಗೆ, ಮುಳುಗಿದ ಮನೆಯಿಂದ ತಂದ ಒಂದು ಅಗಲವಾದ ಮತ್ತಿಮರದ ಹಲಗೆಯ ಮೇಲೆ.

ಮಳೆ ಜೋರಾದಂತೆ ನೀರು ಏರಿತು. ಕಡಿಯದೆ ಬಿಟ್ಟ ಕಾಡೆಲ್ಲ ನೀರಿನಡಿ ನಿಂತಿತ್ತು. ಮೇಲಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ, ದೋಣಿ ಹೋಗುತ್ತಿರುವಾಗ ಯಾವುದೋ ಮರದ ತಲೆ ತಳಕ್ಕೆ ಕರ್ರ್ ಎಂದು ಉಜ್ಜಿಹೋಗುತ್ತಿತ್ತು.  ಒಂದೊಂದು ಸಲ ಉಜ್ಜಿದಾಗಲೂ ಎಲ್ಲೋ ಒಂದು ಸಂದಿನಿಂದ ಹತ್ತಿ ಹೊರಗೆ ಬರುತ್ತಿತ್ತೋ ಏನೋ, ತಳದಲ್ಲಿ ನೀರು ನಿಲ್ಲತೊಡಗಿತು. ನಾನು ಎಣ್ಣೆಡಬ್ಬಿಯನ್ನು ಕತ್ತರಿಸಿ ಮಾಡಿದ ಮೊಗೆಯಿಂದ ಮೊಗೆದು ಚೆಲ್ಲುತ್ತಿದ್ದೆ. ಒಲೆ ಹೊತ್ತಿಸುವ ಮುಂಚೆ ಒಂದು ಸಲ, ಊಟಕ್ಕೆ ಮುಂಚೆ ಒಂದು ಸಲ, ಆಮೇಲಾಮೇಲೆ ಕೈ ಖಾಲಿಯಾದಾಗಲೆಲ್ಲ.

ಮಾವ ಹಲಗೆಗೆ ಕಿವಿಯಿಟ್ಟು ಮಲಗಿರುತ್ತಿದ್ದರು. ನೀರು ಎಲ್ಲಿ ಹೊಸದಾಗಿ ಜಿನುಗಿದರೂ ಅವರಿಗೆ ಮೊದಲು ತಿಳಿಯುತ್ತಿತ್ತು. ಎಡಗೈಯಿಂದ ಟಕಟಕ ಬಡಿಯುವರು. ಗಂಡ ಹುಟ್ಟು ಬಿಟ್ಟು ಓಡಿ ಬರುವನು.

"ಎಲ್ಲೆ ಬಾಬಾ? ಮುಂದಿನ ಕಡೇನ?"

"ನಾಕಾ."

"ಹಿಂದ?"

"ನಾಕಾ."

"ಒಲಿ ಕೆಳಗ ಏನು?"

"ನಾಕಾ! ನಾಕಾ!"

ಗಂಡ ದೋಣಿಯ ಇಡೀ ತಳವನ್ನು ಕೈಯಿಂದ ತಡವುತ್ತ ಹೋಗುವನು. ಸಿಕ್ಕಿದರೆ ಬಟ್ಟೆ ತುರುಕುವನು. ಸಿಗದಿದ್ದರೆ ಮಾವ ಗೋಡೆಯ ಕಡೆ ಮುಖ ಮಾಡಿದ ಮಗುವಿನ ಹಾಗೆ ಚಾಪೆಯ ಕಡೆ ಮುಖ ತಿರುಗಿಸಿ ಅಳುವರು. ಹುಟ್ಟು ಹಾಕುವುದರಲ್ಲಿ ನನ್ನ ಗಂಡನಷ್ಟು ಗಟ್ಟಿಗ ಆ ಹೊಳೆಯಲ್ಲಿ ಇರಲಿಲ್ಲ. ಆದರೆ ತಳದ ಕೆಲಸಕ್ಕೆ ತಂದೆ ಅವನನ್ನು ಯಾವತ್ತೂ ಸೇರಿಸಿಕೊಂಡಿರಲಿಲ್ಲ. ತಿಳಿದವರ ಬಾಯಿ ಕಟ್ಟಿಹೋಗಿತ್ತು, ಕೈ ಗಟ್ಟಿಯಿದ್ದವನಿಗೆ ತಿಳಿದಿರಲಿಲ್ಲ, ನಾನಂತೂ ಗದ್ದೆಯವಳು.

ಹೇಗೋ ಮಳೆಗಾಲ, ಚಳಿಗಾಲ ಕಳೆದವು. ನೀರು ಇಳಿದು, ಬೋಳು ಗುಡ್ಡದ ಇಳಿಜಾರು ಮತ್ತು ಕೊಳೆತ ಮರಗಳ ಬೊಡ್ಡೆಗಳು ಮೇಲೆ ಬಂದವು. ಆಚೆ ಕೇರಿಯ ಗಂಡಸರು ಬಂದು ದಿಮ್ಮಿಗಳ ಮೇಲೆ ಉರುಳಿಸಿ ದೋಣಿಯನ್ನು ದಂಡೆಗೆ ಎಳೆದುಕೊಟ್ಟರು. ಎಡಕ್ಕೆ ಹೊರಳಿಸಿ, ಬೀಳದಂತೆ ಆಸರೆಗೆ ಊರೆಗಂಬ ಕೊಟ್ಟು ನಿಲ್ಲಿಸಿದರು. ಮಾವನನ್ನು ಮೇಲೆ ಒಂದು ಮರದ ನೆರಳಿನಲ್ಲಿ ಹಲಗೆಯ ಮೇಲೇ ಮಲಗಿಸಿದೆವು. ಗಾರ್ಡ್ ಬಂದು ನೋಡಿದ, ಮಾವನ ಮುಖ ನೋಡಿ ಬಂದ ದಾರಿಯಲ್ಲೇ ವಾಪಸು ಹೋದ.

ಬಲಮಗ್ಗುಲಿನ ಕೆಲಸ ಹಿಡಿದೆವು. ಪಾಚಿ ಹಸಿಯಿರುವಾಗಲೇ ಕೆರೆಯಬೇಕು, ಒಣಗಿದರೆ ಕಲ್ಲಾಗುತ್ತದೆ. ಇದು ನನಗೆ ಹಿಂದಿನ ವರ್ಷ ನೋಡಿ ಗೊತ್ತಿತ್ತು. ತೆಂಗಿನ ಕರಟ, ಹಳೆ ಕುಡುಗೋಲು ಹಿಡಿದು ಕೆರೆದೆ. ಗಂಡ ಹಳೆಯ ಹತ್ತಿಯನ್ನು ಸಂದಿನಿಂದ ಕಿತ್ತು ಹೊಸದನ್ನು ಬಡಿದ. ಪ್ರತಿ ಸಂದಿಗೂ ನಾವು ಮಾವನ ಕಡೆ ನೋಡುವುದು, ಅವರು ಅಲ್ಲಿಂದಲೇ ಕಿವಿಗೊಟ್ಟು ಹುಬ್ಬು ಗಂಟಿಕ್ಕುವುದು. ಹುಬ್ಬು ಸಡಿಲವಾದರೆ ಸರಿ, ಗಂಟಿಕ್ಕಿದರೆ ಮತ್ತೆ ಕೀಳಬೇಕು. ಬಿಸಿಲಿಗೆ ಹಲಗೆಗಳು ಒಣಗಿ ಬಾಯಿ ಬಿಡದಿರಲೆಂದು ನಾನು ಗೋಣಿಚೀಲಗಳನ್ನು ನೆನೆಸಿ ಹೊದಿಸುತ್ತಿದ್ದೆ, ಒಣಗಿದರೆ ಮತ್ತೆ ಕೊಡ ಹೊತ್ತು ಇಳಿದು ಹತ್ತುತ್ತಿದ್ದೆ. ಕಪ್ಪೆಣ್ಣೆ ತಾಗಿ ನನ್ನ ಮುಂಗೈ ತುಂಬ ಬೊಬ್ಬೆ. ಆದರೂ ಬಲಮಗ್ಗುಲು ಮುಗಿದಾಗ ಅದು ಕಪ್ಪಗೆ ಮಿರಿಮಿರಿ ಹೊಳೆಯುತ್ತಿತ್ತು. ಗಂಡ ಅದರ ಮೇಲೆ ಕೈಯಾಡಿಸಿ, "ಆತು ನೋಡ, ಇನ್ನ ಅರ್ಧಾ" ಎಂದು ನಕ್ಕ. ಆ ಬೇಸಿಗೆಯಲ್ಲಿ ಅವನು ನಕ್ಕಿದ್ದು ನನಗೆ ನೆನಪಿರುವುದು ಅದೊಂದೇ ಸಲ.

ಕೇರಿಯವರನ್ನು ಮತ್ತೆ ಕರೆಸಿ ಬಲಕ್ಕೆ ಹೊರಳಿಸಿದೆವು. ಎಡಮಗ್ಗುಲು ಮೇಲೆ ಬಂತು. ಪಾಚಿ ಕೆರೆಯುತ್ತ ಹೋದ ಹಾಗೆ ಒಂದು ಕಡೆ ಕುಡುಗೋಲು ಬೇಯಿಸಿದ ಗೆಣಸಿಗೆ ಹೊಕ್ಕಂತೆ ಒಳಗೆ ಹೋಯಿತು. ಹಲಗೆ ಕೊಳೆತಿತ್ತು. ಮುಟ್ಟಿದಲ್ಲೆಲ್ಲ ನೀರು ಒಸರುವ ಕರಿ ನಾರು.

ಹೊಸ ಹಲಗೆ ಬೇಕು. ಸುತ್ತ ಕಾಡಿತ್ತು, ಒಂದು ಮರ ಮುಟ್ಟುವಂತಿರಲಿಲ್ಲ. ಗಂಡ ದಾಂಡೇಲಿಗೆ ಹೋದ. ಅಲ್ಲಿನ ಡಿಪೋದಲ್ಲಿ ಗುಡ್ಡದಷ್ಟು ಮರ ಬಿದ್ದಿರುತ್ತಿತ್ತು, ಆದರೆ ಒಂದೇ ಒಂದು ಹಲಗೆ ಕೊಡುವವರು ಯಾರು? ಕೊನೆಗೆ ಒಂದು ಕೊಯ್ಯುವ ಮಿಲ್ಲಿನಿಂದ ಹಲಗೆಯೊಂದನ್ನು ಹೊತ್ತು ತಂದ. ಆಗಷ್ಟೇ ಕೊಯ್ದ ಹಸಿ ಮರ. ಮಾವ ಅದರ ಮೇಲೆ ಎಡಗೈ ಇಟ್ಟರು, ಮುಖ ಕಿವುಚಿದರು. ಹಸಿಹಲಗೆ ಒಣಗಿದರೆ ಸೊಟ್ಟಗಾಗುತ್ತದೆ ಎಂಬುದು ನಮಗೂ ಹೊಳೆಯಿತು. ಆಮೇಲೆ ಅವರು ತಾವು ಮಲಗಿದ್ದ ಜಾಗವನ್ನು ಬಡಿಯತೊಡಗಿದರು.

"ಏನ್ರಿ ಮಾವಾರ, ಮಗ್ಗಲಾ ಬದಲಸೂಣೇನು?"

"ನಾಕಾ."

ಮಗ್ಗುಲು ಬದಲಿಸಿದೆ. ಮತ್ತೆ ಬಡಿದರು. ನೀರು ಕೊಟ್ಟೆ. ಹಾಸಿದ ಕೌದಿ ಬಿಚ್ಚಿ ಇರುವೆ ಬಂದಿದೆಯೇ ಎಂದು ನೋಡಿದೆ. ಮತ್ತೆ ಬಡಿದರು. ಮರುದಿನವೂ ಹಾಗೆಯೇ. ಅವರಿಗೆ ಸಿಟ್ಟು ಬಂದು ಗಂಜಿಯ ತಟ್ಟೆಯನ್ನು ತಳ್ಳಿಬಿಟ್ಟರು. ನಾನು ಮರದ ಹಿಂದೆ ಹೋಗಿ ಅತ್ತೆ.

ಆಚೆ ಕೇರಿಯಲ್ಲಿ ಒಬ್ಬ ಸಿದ್ದಿ ಹೆಂಗಸಿದ್ದಳು. ಹಳಿಯಾಳದ ಕಡೆಯಿಂದ ಕೂಲಿಗೆ ಬಂದು ಅಲ್ಲೇ ನಿಂತವರು ಅವಳ ಮನೆಯವರು. ನನಗಿಂತ ದೊಡ್ಡವಳು, ಅಕ್ಕಾ ಎನ್ನುತ್ತಿದ್ದೆ. ಕೇರಿಯಲ್ಲೆಲ್ಲ ಕೊಂಕಣಿ, ಕನ್ನಡದಲ್ಲಿ ಹೊಟ್ಟೆ ತುಂಬ ಮಾತಾಡಲು ಅವಳಿಗೆ ನಾನು, ನನಗೆ ಅವಳು. ದೊಡ್ಡದು ದಂಡೆಯಲ್ಲಿದ್ದಾಗ ಕೇರಿಯವರ ಕೈಗೆ ಬಿಟ್ಟಿದ್ದ ನಮ್ಮ ಸಣ್ಣ ದೋಣಿಯಲ್ಲಿ ಬಂದಿಳಿದವಳು ನನ್ನ ಕೆಂಪಾದ ಕಣ್ಣು ನೋಡಿ ಮಾವನ ಹತ್ತಿರ ಕೂತಳು. ಅವರು ಬಡಿದರು. ಅವಳು ಅವರನ್ನೊಮ್ಮೆ, ದೋಣಿಯನ್ನೊಮ್ಮೆ ನೋಡಿದಳು.

"ಮುದುಕಪ್ಪ ಹಲಗಿ ತೋರಸಾಕ ಹತ್ಯಾನೇನು ನೋಡ ತಂಗಿ. ತಾ ಮಲಗಿದ್ದ ಹಲಗಿ."

ಮಾವ ಕಣ್ಣು ಮುಚ್ಚಿದರು. ಬಾಯಿ ಅಲುಗಲಿಲ್ಲ. ಇಡೀ ಮೈ ಹಗುರವಾದಂತೆ ಒರಗಿದರು.

ಅವರನ್ನು ಚಾಪೆಯ ಮೇಲೆ ಮಲಗಿಸಿ ಆ ಮತ್ತಿಹಲಗೆಯನ್ನು ಗಂಡ ಅಳತೆಗೆ ಕೊಯ್ದ. ಕೊಳೆತದ್ದನ್ನು ಕಿತ್ತು ಕೂರಿಸಿದ. ಕೂಡಲಿಲ್ಲ, ಕೆತ್ತಿದ, ಮತ್ತೆ ಕೂರಿಸಿದ. ಅದರಲ್ಲಿ ಬಹಳ ದಿನ ಹೋದವು. ಹಲಗೆ ಕೂತ ಮೇಲೆ ಎಡಮಗ್ಗುಲಿನ ಹಳೆಯ ಹತ್ತಿಯನ್ನೆಲ್ಲ ಒಟ್ಟಿಗೆ ಕಿತ್ತೆವು. ಬಲಮಗ್ಗುಲಲ್ಲಿ ಒಂದೊಂದೇ ಸಂದು ಕಿತ್ತು ಒಂದೊಂದೇ ತುಂಬಿದ್ದೆವು, ಈಗ ಮಿರಗದ ಮಳೆ ಹತ್ತಿರ ಬರುತ್ತಿದೆ, ಬೇಗ ಆಗಲಿ ಎಂದು ಹೀಗೆ. ಆದರೂ ಮಳೆ ಬೀಳಲು ಇನ್ನೂ ಕೆಲವು ದಿನವಿತ್ತು. ಆಕಾಶದಲ್ಲಿ ಒಂದು ಮೋಡದ ಚೂರಿರಲಿಲ್ಲ.

ಮಳೆ ನಮ್ಮಲ್ಲಿ ಬೀಳಲೇ ಇಲ್ಲ. ಮೇಲೆ ಎಲ್ಲೋ ಘಟ್ಟದ ತಲೆಯಲ್ಲಿ ಬಿತ್ತು. ಒಂದು ಮಧ್ಯಾಹ್ನ ಬಿಸಿಲಿರುವಾಗಲೇ ಪಶ್ಚಿಮ ದಿಕ್ಕು ಮಸಿ ಬಳಿದಂತಾಯಿತು. ಮಾರನೆಯ ಬೆಳಿಗ್ಗೆ ನಾನು ಕೊಡ ಹಿಡಿದು ಇಳಿದರೆ ನೀರು ಮೊದಲಿದ್ದಲ್ಲಿ ಇರಲಿಲ್ಲ, ಅರ್ಧ ದಾರಿಗೆ ಬಂದಿತ್ತು. ಕೆಂಪು ನೀರು, ಅದರ ಮೇಲೆ ತರಗೆಲೆ, ಕಸ, ಸತ್ತ ಒಂದು ಕರು.

"ಏರಾಕ ಹತ್ತೇತ್ರಿ! ಬರ್ರಿ ಲಗೂನ!" ಎಂದು ಕಿರುಚಿದೆ.

ಗಂಡ ಓಡಿ ಬಂದು ಒಂದು ಕಡ್ಡಿಯನ್ನು ನೀರಿನ ಅಂಚಿಗೆ ಚುಚ್ಚಿದ. ನಾವು ನೋಡುತ್ತಿದ್ದ ಹಾಗೆಯೇ ಕಡ್ಡಿಯ ಬುಡ ಒದ್ದೆಯಾಯಿತು. ಅಷ್ಟು ದೊಡ್ಡ ದೋಣಿಯನ್ನು ಮೇಲಕ್ಕೆ ಎಳೆಯುವುದು ಇಬ್ಬರಿಂದ ಆಗುವ ಮಾತಲ್ಲ. ಕೇರಿಯವರು ಆಚೆ ದಂಡೆಯಲ್ಲಿ. ಗಂಡ ಕೈ ಬಾಯಿಗಿಟ್ಟು ಕೂಗಿದ. ಸಿದ್ದಿ ಅಕ್ಕನ ಗಂಡ ಮತ್ತು ಇಬ್ಬರು ಸಣ್ಣ ದೋಣಿ ಬಿಟ್ಟುಕೊಂಡು ಹೊರಟದ್ದು ಕಂಡಿತು, ಆದರೆ ಕಸಕಡ್ಡಿ ನುಗ್ಗಿ ಬರುತ್ತಿದ್ದ ಆ ನೀರಿನಲ್ಲಿ ಅವರು ಮುಂದೆ ಬಂದಷ್ಟೂ ಸೆಳೆತಕ್ಕೆ ಸಿಕ್ಕಿ ಹೊಳೆಯ ಕೆಳಗಡೆಗೆ ಹೋಗುತ್ತಿದ್ದರು.

ನಾವು ತುಂಬತೊಡಗಿದೆವು. ಹೊಸೆದ ಹತ್ತಿ ಮುಗಿಯಿತು. ಹೊಸೆಯದ ಹತ್ತಿ ತುರುಕಿದೆವು. ಗೋಣಿಯ ನಾರು ತುರುಕಿದೆವು. ನನ್ನ ಎರಡು ಸೀರೆ, ಮಾವನ ಧೋತರ, ಕೌದಿಯ ಚೂರು. ಸಪ್ಪಳ ಕೇಳುವುದಕ್ಕೆ ಯಾರಿಗೂ ಪುರಸೊತ್ತಿರಲಿಲ್ಲ. ರಾಳ ಕಾಯಿಸಲು ದಂಡೆಯ ಮೇಲೆ ಮೂರು ಕಲ್ಲಿಟ್ಟು ಒಲೆ ಹೊತ್ತಿಸಿದೆ, ಅದು ಕರಗುವಷ್ಟರಲ್ಲಿ ನೀರು ದೋಣಿಯ ಬಲಮಗ್ಗುಲನ್ನು ಮುಟ್ಟಿತು.

ಆಮೇಲೆ ಆದದ್ದನ್ನು ಈಗಲೂ ಕಣ್ಣಿಗೆ ಕಟ್ಟಿದಂತೆ ಹೇಳಬಲ್ಲೆ. ಬಲಮಗ್ಗುಲು ಗಟ್ಟಿಯಾಗಿತ್ತು. ಒಂದು ಹನಿ ಒಳಗೆ ಬಿಡಲಿಲ್ಲ. ನೀರು ಅದನ್ನು ಮೆಲ್ಲಗೆ ಎತ್ತಿತು. ಊರೆಗಂಬಗಳು ಒಂದೊಂದಾಗಿ ಕಳಚಿ ಬಿದ್ದವು. ವಾಲಿ ಮಲಗಿದ್ದ ದೋಣಿ ಒಂದು ಸಲ ಅಲುಗಾಡಿ, ನೆಟ್ಟಗೆ ಎದ್ದು ನೀರಿನ ಮೇಲೆ ನಿಂತಿತು. ನನಗೆ ಅದೆಷ್ಟು ಚೆಂದ ಕಂಡಿತೆಂದರೆ ನಾನು ಚಪ್ಪಾಳೆ ತಟ್ಟಿಬಿಟ್ಟೆ. ಗಂಡ ಎದೆಮಟ್ಟದ ನೀರಿನಲ್ಲಿ ಹಗ್ಗ ಹಿಡಿದು ನಿಂತಿದ್ದ. ನೆಟ್ಟಗಾದೊಡನೆ ಎಡಮಗ್ಗುಲು ನೀರಿಗಿಳಿಯಿತು. ಒಳಗಿನಿಂದ ಸಣ್ಣ ಸದ್ದು ಬಂತು, ಬಿಂದಿಗೆ ತುಂಬುವಾಗ ಬರುತ್ತದಲ್ಲ, ಅಂಥದ್ದು. ನನ್ನ ಸೀರೆಯ ಒಂದು ತುಂಡು ಹೊರಗೆ ತೇಲಿ ಬಂತು.

ನಾನು ಮೊಗೆಯುವ ಡಬ್ಬಿ ಹಿಡಿದು ಇಳಿಯಲು ಹೋದೆ. "ಬರಬ್ಯಾಡ! ನಿನಗ ಈಸು ಬರೂದಿಲ್ಲ, ಬರಬ್ಯಾಡ!" ಎಂದು ಗಂಡ ಕೂಗಿದ. ದಂಡೆಯಲ್ಲೇ ಡಬ್ಬಿ ಹಿಡಿದು ನಿಂತೆ. ಅವನು ಹಗ್ಗವನ್ನು ಒಂದು ಬೊಡ್ಡೆಗೆ ಸುತ್ತಿದ, ಬೊಡ್ಡೆ ಕೊಳೆತಿತ್ತು, ಬುಡಸಮೇತ ಎದ್ದು ಬಂತು. ಮತ್ತೆ ಕೈಯಲ್ಲೇ ಹಿಡಿದ. ದೋಣಿ ಭಾರವಾಗುತ್ತ ಆಳದ ಕಡೆಗೆ ಜಾರುತ್ತಿತ್ತು, ಅವನೂ ಹೆಜ್ಜೆ ಹೆಜ್ಜೆಗೆ ಅದರ ಹಿಂದೆ ಹೋಗುತ್ತಿದ್ದ. ನೀರು ಕೊರಳಿಗೆ ಬಂತು.

ಮರದ ಕೆಳಗಿದ್ದ ಮಾವ ಎಡಗೈ ಊರಿ ಅರ್ಧ ಎದ್ದು ಕೂತಿದ್ದರು. ಹೇಗೆ ಎದ್ದರೋ ತಿಳಿಯದು.

"ಬಾಬಾ! ಏನ ಮಾಡ್ಲಿ? ಬಾಬಾ, ಏನ ಮಾಡ್ಲಿ?" ಗಂಡನ ದನಿ ಒಡೆದುಹೋಗಿತ್ತು.

"ನಾಕಾ" ಎಂದರು ಮಾವ.

ಗಂಡ ತಿರುಗಿ ನೋಡಿದ. ಅವರು ಎಡಗೈಯನ್ನು ಎತ್ತಿ, ಬೆರಳುಗಳನ್ನು ಅಗಲಿಸಿ, ಮುಷ್ಟಿ ಬಿಚ್ಚಿ ತೋರಿಸಿದರು. "ನಾಕಾ" ಎಂದು ಇನ್ನೊಮ್ಮೆ, ನಿಧಾನವಾಗಿ ಅಂದರು. ಮಾತು ಹೋದ ಮೇಲೆ ಮೊದಲ ಸಲ ಆ ಶಬ್ದ ತನ್ನ ಅರ್ಥದಲ್ಲೇ ಬಂದಿತ್ತು. ಗಂಡ ಹಗ್ಗ ಬಿಟ್ಟ.

ದೋಣಿ ತಕ್ಷಣ ಮುಳುಗಲಿಲ್ಲ. ಅಂಚಿನವರೆಗೆ ತುಂಬಿಕೊಂಡು, ನನ್ನ ಒಲೆಯ ಪೆಟ್ಟಿಗೆಯನ್ನು ಹೊತ್ತುಕೊಂಡೇ ಬಹಳ ಹೊತ್ತು ತೇಲುತ್ತ ಹೋಯಿತು. ಆಮೇಲೆ ಬಿದಿರಿನ ಕಮಾನುಗಳಷ್ಟೇ ಕಂಡವು. ಆಮೇಲೆ ಅವೂ ಕಾಣಲಿಲ್ಲ. ಕೇರಿಯವರು ಬಂದು ಮುಟ್ಟಿದಾಗ ನಾವು ಮೂವರೂ ಒಂದೇ ಚಾಪೆಯ ಮೇಲೆ ಕೂತಿದ್ದೆವು.  ಸಿದ್ದಿ ಅಕ್ಕನ ಗಂಡ ಗಾಳಿಗೆ ಆರುತ್ತಿದ್ದ ರಾಳದ ಒಲೆಯನ್ನು ಕೆದಕಿ ಚಹಾಕ್ಕೆ ನೀರಿಟ್ಟ.

ನಾವು ಅಂಬೇವಾಡಿಗೆ ಬಂದೆವು. ನನ್ನ ಅಕ್ಕ ಹಿಂದಿನ ಪಡಸಾಲೆ ಬಿಟ್ಟುಕೊಟ್ಟಳು. ಮಾವ ಈ ಸಲ ಅನ್ನ ಬಿಡಲಿಲ್ಲ. ಹಗಲೂ ನಿದ್ದೆ ಹೋಗುತ್ತಿದ್ದರು, ಮನೆಯವರು ಎಷ್ಟು ಗದ್ದಲ ಮಾಡಿದರೂ ಏಳುತ್ತಿರಲಿಲ್ಲ. ಮುಂದಿನ ಚಳಿಗಾಲದಲ್ಲಿ ಹಾಗೆ ನಿದ್ದೆಯಲ್ಲೇ ಹೋದರು. ಗಂಡನಿಗೆ ಮರದ ಡಿಪೋದಲ್ಲಿ ದಿಮ್ಮಿ ಹೇರುವ ಕೆಲಸ ಸಿಕ್ಕಿತು. ಸಂಜೆ ಮನೆಗೆ ಬಂದು ಭುಜಕ್ಕೆ ಎಣ್ಣೆ ತಿಕ್ಕಿಸಿಕೊಂಡು ಮಲಗುತ್ತಿದ್ದ. ಹೊಳೆಯ ಮಾತು ಎತ್ತುತ್ತಿರಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಒಮ್ಮೆ ಹೋಗಿ ನೋಡಿ ಬರ್ರಿ ಎಂದೆ. ಹೋಗಿ ಬಂದ. "ಸಿಗಲಿಲ್ಲ" ಎಂದ. ಹುಡುಕಿದನೋ ಇಲ್ಲವೋ ನಾನು ಕೇಳಲಿಲ್ಲ.

ಒಂದು ದಿನ ಸಿದ್ದಿ ಅಕ್ಕ ನಮ್ಮ ಮನೆ ಹುಡುಕಿಕೊಂಡು ಬಂದಳು. ಗುಡ್ಡ ಸುತ್ತಿ, ಕಾಡು ದಾಟಿ, ಎಲ್ಲೋ ಬಸ್ಸು ಹಿಡಿದು ಬಂದಿದ್ದಳು. ಕಾಲು ಬಾತಿದ್ದವು. ಬಿಸಿನೀರು ಕೊಟ್ಟೆ. ಸಣ್ಣ ದೋಣಿಯಲ್ಲಿ ದನಕರು ಸಾಗುವುದಿಲ್ಲ, ಬಸುರಿಯರು ಹತ್ತಲು ಹೆದರುತ್ತಾರೆ, ಹೋದ ಮಳೆಗಾಲದಲ್ಲಿ ಒಬ್ಬಳಿಗೆ ದಂಡೆಯಲ್ಲೇ ಹೆರಿಗೆಯಾಯಿತು ಎಂದು ಹೇಳುತ್ತ ಹೋದಳು. ಆರೋಪದ ಮಾತೇನಲ್ಲ, ಊರ ಸುದ್ದಿ ಹೇಳುವ ಹಾಗೆ ಹೇಳಿದಳು. ಆಮೇಲೆ ನನ್ನ ಗಂಡನ ಕಡೆ ತಿರುಗಿದಳು.

"ಮತ್ತ ತಮ್ಮಾ, ನೀವು ಯಾವಾಗ ಬರಾವ್ರು? ನಮ್ಮ ಮಂದಿ ಕೇಳ್ಕೊಂಡ ಬಾ ಅಂದಾರ. ಎಳಿಯಾಕ, ಹೊಳ್ಳಸಾಕ ಎಲ್ಲಾರೂ ಬರ್ತೇವಿ ಅಂತಾರ."

ಗಂಡ ಎದ್ದು ಗೂಟದಲ್ಲಿದ್ದ ಅಂಗಿ ತೆಗೆದುಕೊಂಡ. "ಅಕ್ಕಾ, ನನಗ ಅದನ್ನ ಮಾಡಾಕ ಬರೂದಿಲ್ಲ" ಎಂದ. ಅದನ್ನು ಹಾಕಿಕೊಂಡು ಕೆಲಸಕ್ಕೆಂದು ಹೋದ. ಆ ದಿನ ಅವನಿಗೆ ರಜೆಯಿತ್ತು.

ಅವಳು ಚಹಾ ಕುಡಿದಳು. ಬುತ್ತಿಗೆ ರೊಟ್ಟಿ ಕಟ್ಟಿಕೊಟ್ಟೆ. ಬಸ್ ನಿಲ್ದಾಣದ ತನಕ ಜೊತೆಗೆ ಹೋದೆ. ಬಸ್ಸು ಬರುವುದು ತಡವಾಯಿತು. ಇಬ್ಬರೂ ಕಟ್ಟೆಯ ಮೇಲೆ ಕೂತು ನಮ್ಮ ನಮ್ಮ ತವರಿನ ಸುದ್ದಿ ಮಾತಾಡಿದೆವು, ಅವಳು ಹಳಿಯಾಳದ ಕಡೆಯದು, ನಾನು ಇಂದೂರಿನದು.